ಪ್ರತಿದಿನದ ನಿಶ್ಚಯದ ಮಾತುಗಳನ್ನು ಹೊಂದಿಸಿ ತಿದ್ದಿಕೊಳ್ಳುವ ಬಗೆ

ಮನುಷ್ಯನು ಇತರರ ಸಂಗಡ ಆಡುವ ಮಾತುಗಳ ಹಾಗೆಯೇ ತನ್ನ ಸಂಗಡ ತಾನು ಆಡಿಕೊಳ್ಳುವ ಮಾತುಗಳೂ ಬಹಳ. ಬೆಳಿಗ್ಗೆ ಎದ್ದು ಹೊಲದ ಕಡೆಗೆ ಹೋಗುವವನು ಮಳೆ ಬಾರದ ಆಕಾಶವನ್ನು ನೋಡಿ, "ನಮ್ಮ ಹಣೇಬರಹ ಇಷ್ಟೇ" ಅಂದುಕೊಳ್ಳುತ್ತಾನೆ. ಪುಸ್ತಕವನ್ನು ತೆರೆದ ಹುಡುಗಿಯು, "ಇದು ನನ್ನ ಕೈಲೆ ಆಗಂಗಿಲ್ಲ" ಅಂದುಕೊಂಡು ಮುಚ್ಚುತ್ತಾಳೆ. ಇವು ಯಾರೂ ಕಲಿಸದೆ ಬಂದ ಮಾತುಗಳಾದರೂ ದಿನದಿನವೂ ಹೇಳಿಕೊಂಡದ್ದರಿಂದ ಮನಸ್ಸಿನಲ್ಲಿ ಬಂಡಿಯ ಜಾಡಿನಂತೆ ಆಳವಾಗಿ ಬಿದ್ದಿವೆ. ಆದಕಾರಣ ನಾವು ನಮಗೆ ಮಾತು ಹೇಳಿಕೊಳ್ಳಬೇಕೋ ಬೇಡವೋ ಎಂಬದು ಪ್ರಶ್ನೆಯಲ್ಲ. ಯಾವ ಮಾತನ್ನು ಹೇಳಿಕೊಳ್ಳಬೇಕು, ಅದನ್ನು ಹೇಗೆ ಆರಿಸಬೇಕು, ಹೇಗೆ ತಿದ್ದಬೇಕು ಎಂಬದೇ ಪ್ರಶ್ನೆ. ಮನುಷ್ಯನು ತಿಳಿದು ಆರಿಸಿ, ದಿನಾಲು ತನಗೆ ತಾನು ಹೇಳಿಕೊಳ್ಳುವ ಮಾತನ್ನು ಈ ಪಾಠದಲ್ಲಿ ನಿಶ್ಚಯದ ಮಾತು ಎಂದು ಕರೆಯೋಣ.

1. ಕೊಪ್ಪಳದ ಬಂಡೆಯ ಮೇಲಿನ ಮಾತು

ಈ ವಿಷಯದ ಮೊದಲನೆಯ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದರ ಹತ್ತಿರದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳು 1931ರಲ್ಲಿ ಕಂಡುಬಂದವು. ಅವು ಕ್ರಿಸ್ತಪೂರ್ವ 3ನೆಯ ಶತಮಾನದವು. ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದವು. ಪಾಲ್ಕಿಗುಂಡಿನ ಶಾಸನವು ಬಹಳವಾಗಿ ಸವೆದುಹೋಗಿದೆ. ಗವಿಮಠದ್ದು ಚೆನ್ನಾಗಿ ಉಳಿದದೆ. ಇದೇ ಶಾಸನದ ಇನ್ನೊಂದು ಪ್ರತಿಯು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿಯೇ ಸಿಕ್ಕಿತ್ತು.

ಅಲ್ಲಿ ಅರಸನು ತನ್ನ ಜಯಗಳನ್ನು ಹೊಗಳಿಕೊಳ್ಳಲಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರುಷಕ್ಕೆ ಮೇಲಾಯಿತೆಂದೂ, ಮೊದಲಿನ ಒಂದು ವರುಷ ತಾನು ಹೆಚ್ಚಾಗಿ ಪ್ರಯಾಸಪಡಲಿಲ್ಲವೆಂದೂ, ಸಂಘದವರ ಬಳಿಗೆ ಹೋದ ಮೇಲೆ ಒಂದು ವರುಷಕ್ಕಿಂತ ಹೆಚ್ಚು ಕಾಲದಿಂದ ಬಹಳವಾಗಿ ಪ್ರಯಾಸಪಟ್ಟನೆಂದೂ ಹೇಳಿಸಿದನು. ಈ ಫಲವು ದೊಡ್ಡವರಿಗೆ ಮಾತ್ರ ಸಿಕ್ಕುವಂಥದ್ದಲ್ಲ, ಸಣ್ಣವನೂ ಪ್ರಯಾಸಪಟ್ಟರೆ ಹೊಂದಬಲ್ಲನು ಎಂಬ ಅರ್ಥವನ್ನು ಕೂಡಿಸಿದನು. ಕಡೆಗೆ, ಈ ಕಾರ್ಯವು ಬೆಳೆಯುವದು, ಕಡಿಮೆಪಕ್ಷ ಒಂದೂವರೆಯಷ್ಟಾದರೂ ಬೆಳೆಯುವದು ಎಂದನು.

ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸೋಣ. ಮೊದಲನೆಯದು, ಅರಸನು ತನ್ನ ವಿಷಯವಾಗಿ ಆಡಿದ ಮಾತಿನಲ್ಲಿ ಕಾಲದ ಲೆಕ್ಕವದೆ. ಎರಡನೆಯದು, ಸಡಿಲವಾಗಿದ್ದ ವರುಷವನ್ನು ಅವನು ಮುಚ್ಚಿಡಲಿಲ್ಲ. ಮೂರನೆಯದು, ಸಾವಿರ ಪಾಲು ಬೆಳೆಯುವದೆಂದು ಹೇಳಬಹುದಾಗಿದ್ದ ಚಕ್ರವರ್ತಿಯು ಒಂದೂವರೆಯ ಅಳತೆಯನ್ನು ಹೇಳಿದನು. ನಿಜವಾದ, ಲೆಕ್ಕವುಳ್ಳ, ಅಳತೆ ಮೀರದ ಮಾತು ಅದು. ನಮ್ಮ ನಿಶ್ಚಯದ ಮಾತುಗಳಿಗೂ ಈ ಮೂರು ಗುಣಗಳು ಬೇಕು.

2. ಹುಸಿಮಾತು ಬಲ ಕೊಡುವದಿಲ್ಲ

ಮಾತನ್ನು ಔಷಧದಂತೆ ಜನರಿಗೆ ಕೊಟ್ಟವನೊಬ್ಬನು ಫ್ರಾನ್ಸ್ ದೇಶದಲ್ಲಿದ್ದನು. ಎಮಿಲ್ ಕುಯೇ (1857–1926) ಎಂಬ ಆ ಔಷಧ ವ್ಯಾಪಾರಿಯು ನಾನ್ಸಿ ಪಟ್ಟಣದಲ್ಲಿ ತನ್ನ ಬಳಿಗೆ ಬಂದವರಿಗೆ ಒಂದು ವಾಕ್ಯವನ್ನು ಕಲಿಸಿಕೊಡುತ್ತಿದ್ದನು. ತಾನು ದಿನೇ ದಿನೇ ಎಲ್ಲಾ ವಿಷಯಗಳಲ್ಲಿ ಸುಧಾರಿಸುತ್ತಿದ್ದೇನೆಂಬ ಅರ್ಥದ ಆ ವಾಕ್ಯವನ್ನು ಬೆಳಿಗ್ಗೆ ಎದ್ದಾಗ ಇಪ್ಪತ್ತು ಸಾರಿ, ರಾತ್ರಿ ಮಲಗುವಾಗ ಇಪ್ಪತ್ತು ಸಾರಿ ಹೇಳತಕ್ಕದ್ದು. ಲೆಕ್ಕ ತಪ್ಪದ ಹಾಗೆ ಇಪ್ಪತ್ತು ಗಂಟುಗಳುಳ್ಳ ದಾರವನ್ನು ಕೈಯಲ್ಲಿ ಹಿಡಿಯತಕ್ಕದ್ದು. 1920ರ ಸುಮಾರಿನಲ್ಲಿ ಈ ಪದ್ಧತಿಯು ಇಂಗ್ಲೆಂಡಿಗೂ ಅಮೇರಿಕಕ್ಕೂ ಹಬ್ಬಿತು. ಈಗ ಅನೇಕರು ದಿನಾಲು ಹೇಳಿಕೊಳ್ಳುವ ಧೈರ್ಯದ ವಾಕ್ಯಗಳಿಗೆ ಇದೊಂದು ಮೂಲ.

ಆದರೆ ಬರೇ ಪುನರುಚ್ಚಾರದಿಂದ ಎಲ್ಲರಿಗೂ ಹಿತವಾಗುವದೋ? ಕೆನಡಾ ದೇಶದ ಜೊಆನ್ ವುಡ್ ಎಂಬ ಪಂಡಿತೆಯೂ ಆಕೆಯ ಜೊತೆಗಾರರೂ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ತಾನು ಪ್ರೀತಿಗೆ ಯೋಗ್ಯನೆಂಬ ಅರ್ಥದ ವಾಕ್ಯವನ್ನು ಕೆಲವರು ತಮಗೆ ತಾವು ಹೇಳಿಕೊಂಡರು. ಮೊದಲೇ ತಮ್ಮ ವಿಷಯದಲ್ಲಿ ಒಳ್ಳೇ ಭಾವನೆಯುಳ್ಳವರಿಗೆ ಅದರಿಂದ ಸ್ವಲ್ಪ ಹಿತವಾಯಿತು. ತಮ್ಮನ್ನು ಹೀನವಾಗಿ ಎಣಿಸುವವರಿಗೋ, ಆ ವಾಕ್ಯವನ್ನು ಹೇಳಿಕೊಳ್ಳದೆ ಇದ್ದವರಿಗಿಂತಲೂ ಮನಸ್ಸು ಕುಗ್ಗಿತು. ಯಾಕಂದರೆ ಬಾಯಿ ಒಂದನ್ನು ಹೇಳುವಾಗ ಹೃದಯವು, "ಇಲ್ಲ, ಇದು ಸುಳ್ಳು" ಎಂದು ಎದುರುತ್ತರ ಕೊಡುವದು. ಆಗ ಬಲವಾಗುವದು ಆ ಎದುರುತ್ತರವೇ.

ಕುಷ್ಟಗಿ ಸೀಮೆಯ ಒಬ್ಬ ಒಣಬೇಸಾಯದ ರೈತನನ್ನು ಭಾವಿಸಿಕೊಳ್ಳೋಣ. ಸಜ್ಜೆ ಒಣಗಿಹೋಯಿತು, ಅಂಗಡಿಯ ಬಾಕಿ ನಿಂತದೆ. ಅವನು ದಿನಾಲು, "ನನಗೆ ಯಾವ ಕೊರತೆಯೂ ಇಲ್ಲ, ನಾನು ಐಶ್ವರ್ಯವಂತ" ಎಂದು ಹೇಳಿಕೊಂಡರೆ ಬಾಕಿ ಕರಗದು. ತನ್ನನ್ನು ತಾನು ವಂಚಿಸಿದ ಭಾರವೂ ಸೇರುವದು. ಅದರ ಬದಲಾಗಿ, "ಸಾಲ ಐತಿ. ಎಷ್ಟು ಐತಿ ಅಂತ ಇವತ್ತು ಮಗಳ ಕಡೆ ಬರೆಸಿ ನೋಡ್ತೀನಿ" ಎಂದರೆ, ಅದು ಸತ್ಯವೂ ಹೌದು, ಅವನ ಕೈಯಲ್ಲಿರುವದೂ ಹೌದು. ಇಂಥ ಮಾತಿಗೆ ಹೃದಯವು ಎದುರು ನಿಲ್ಲುವದಿಲ್ಲ.

3. ಮಾತುಗಳನ್ನು ವಿಂಗಡಿಸುವದು

ಈಗ ಕೆಲಸಕ್ಕೆ ಬರೋಣ. ಒಂದು ಕಾಗದವನ್ನು ತೆಗೆದುಕೊಂಡು, ಮನಸ್ಸಿಗೆ ಬಂದ ನಿಶ್ಚಯಗಳನ್ನೆಲ್ಲಾ ಬರೆಯಿರಿ. ಬರೆಯಲಾರದವರು ಮನೆಯ ಮಕ್ಕಳ ಕೈಯಿಂದ ಬರೆಸಲಿ. ಸಿಟ್ಟು ಮಾಡಬಾರದು, ಕುಡಿಯಬಾರದು, ಮಕ್ಕಳನ್ನು ಓದಿಸಬೇಕು, ಅಣ್ಣತಮ್ಮಂದಿರ ಜಗಳವನ್ನು ಮುಗಿಸಬೇಕು, ಬೇಗ ಏಳಬೇಕು, ಹೀಗೆ ಹತ್ತಿಪ್ಪತ್ತು ಆದಾವು. ಕಾಳನ್ನು ಮೊರದಲ್ಲಿ ಹಾಕಿ ಕೇರುವ ಹಾಗೆ ಇವುಗಳನ್ನು ಮೂರು ರಾಶಿಯಾಗಿ ಮಾಡಿರಿ.

ಮೊದಲನೆಯ ರಾಶಿ, ನಾನು ಯಾವದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತೇನೆ ಎಂಬ ಮಾತುಗಳು. "ಕೊಟ್ಟ ಮಾತು ತಪ್ಪದವರ ಮನೆ ನಮ್ಮದು" ಎಂಬಂಥವು. ಇವು ವರುಷಗಟ್ಟಲೆ ನಿಲ್ಲುವವು. ಅಮೇರಿಕದ ಒಂದು ಶಾಲೆಯಲ್ಲಿ ಜೆಫ್ರಿ ಕೋಹೆನ್ ಎಂಬವನೂ ಜೊತೆಗಾರರೂ 7ನೆಯ ತರಗತಿಯ ಮಕ್ಕಳಿಂದ, ತಮಗೆ ಅತ್ಯಂತ ಬೆಲೆಯುಳ್ಳ ಸಂಗತಿ ಯಾವದು, ಯಾಕೆ, ಎಂಬದನ್ನು ಸ್ವಲ್ಪ ಹೊತ್ತು ಬರೆಯಿಸಿದರು. ಜನರ ತಾತ್ಸಾರಕ್ಕೆ ಗುರಿಯಾಗಿದ್ದ ಕರಿಯ ಮಕ್ಕಳ ಗುಣಾಂಕಗಳು ಅದರಿಂದ ಏರಿದವೆಂದು 2006ರಲ್ಲಿ ತಿಳಿಸಿದರು. ಆಮೇಲೆ ಬೇರೆ ಶಾಲೆಗಳಲ್ಲಿ ಮಾಡಿದ ಪರೀಕ್ಷೆಗಳಲ್ಲೆಲ್ಲಾ ಅದೇ ಫಲ ಬರಲಿಲ್ಲ. ಆದರೂ, ತನ್ನನ್ನು ಹೊಗಳಿಕೊಳ್ಳುವದಕ್ಕಿಂತ ತಾನು ಪ್ರೀತಿಸುವದನ್ನು ನೆನಸಿಕೊಳ್ಳುವದು ಗಟ್ಟಿ ನೆಲವೆಂಬದು ಇದರಿಂದ ತೋರುವದು.

ಎರಡನೆಯ ರಾಶಿ, ಈ ದಿವಸ ಏನು ಮಾಡುವೆನು ಎಂಬ ಮಾತುಗಳು. ಇವು ದಿನ ದಿನಕ್ಕೆ, ವಾರ ವಾರಕ್ಕೆ ಬದಲಾಗುವವು.

ಮೂರನೆಯ ರಾಶಿ, ಅಡ್ಡಿಯು ಬಂದಾಗ ಏನು ಮಾಡುವೆನು ಎಂಬ ಮಾತುಗಳು. ಶೋಧನೆಯು ಎಲ್ಲಿ, ಯಾವ ಹೊತ್ತಿನಲ್ಲಿ ಬರುವದೆಂದು ಬಲ್ಲವನೇ ಇವನ್ನು ಬರೆಯಬಲ್ಲನು.

ದೊಡ್ಡ ನಿಶ್ಚಯವನ್ನೂ ದಿನದ ನಿಶ್ಚಯವನ್ನೂ ಹೀಗೆ ಬೇರೆ ಮಾಡುವದು ನಮ್ಮ ಸೀಮೆಗೆ ಹೊಸದಲ್ಲ. ಕೊಪಣವೆಂದು ಹೆಸರಾಗಿದ್ದ ಕೊಪ್ಪಳವು ಹಿಂದೆ ಜೈನರ ದೊಡ್ಡ ತೀರ್ಥವಾಗಿತ್ತು. ಜೈನ ಗೃಹಸ್ಥರ ವ್ರತಗಳಲ್ಲಿ ದಿಗ್ವ್ರತವೆಂಬದು ಒಂದು; ಯಾವ ದಿಕ್ಕಿಗೆ ಎಷ್ಟು ದೂರಕ್ಕಿಂತ ಹೆಚ್ಚು ಹೋಗೆನು ಎಂಬ ಜೀವಮಾನದ ಎಲ್ಲೆ ಅದು. ದೇಶವ್ರತವೆಂಬದು ಇನ್ನೊಂದು, ಆ ಎಲ್ಲೆಯೊಳಗೆ ಇಷ್ಟು ಕಾಲದ ವರೆಗೆ ಮಾತ್ರ ಇನ್ನೂ ಕಿರಿದಾದ ಎಲ್ಲೆಯನ್ನು ಹಾಕಿಕೊಳ್ಳುವದು. ಹಾಗೆಯೇ ಹಿಂದೂ ಜನರು ಪೂಜೆಯ ಮುಂಚೆ ಮಾಡುವ ಸಂಕಲ್ಪದಲ್ಲಿ ದೇಶವನ್ನೂ ಸಂವತ್ಸರವನ್ನೂ ಮಾಸವನ್ನೂ ದಿನವನ್ನೂ ಹೆಸರಿಸಿ ಹೇಳುತ್ತಾರೆ. ಸ್ಥಳವೂ ಕಾಲವೂ ಇಲ್ಲದ ನಿಶ್ಚಯವು ಗಾಳಿಗೆ ಹಾರುವ ಹೊಟ್ಟೆಂಬದನ್ನು ಹಿರಿಯರು ತಿಳಿದಿದ್ದರು.

ಮೂರು ರಾಶಿಗಳಾದ ಮೇಲೆ ಒಂದೊಂದರಿಂದ ಒಂದೇ ಮಾತನ್ನು ಆರಿಸಿರಿ. ಒಟ್ಟಿಗೆ ಮೂರೇ. ಉಳಿದವುಗಳನ್ನು ಬಿಸಾಡಬೇಡಿರಿ, ಹಗೇವಿನಲ್ಲಿ ಬೀಜ ಇಟ್ಟಂತೆ ಕಾಗದದಲ್ಲಿ ಇಟ್ಟಿರಲಿ. ಕೂರಿಗೆಯಲ್ಲಿ ದಟ್ಟವಾಗಿ ಬಿಟ್ಟ ಬೀಜವು ಒಂದನ್ನೊಂದು ತಿಂದು ತೆನೆ ಬಿಡದೆ ಹೋಗುವ ಹಾಗೆ, ಹತ್ತು ನಿಶ್ಚಯಗಳು ಒಂದೇ ಸಾರಿ ಮನಸ್ಸಿನಲ್ಲಿ ಫಲಿಸುವದಿಲ್ಲ. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ತನ್ನ ಯೌವನದಲ್ಲಿ ಹದಿಮೂರು ಸದ್ಗುಣಗಳ ಪಟ್ಟಿಯನ್ನು ಮಾಡಿ, ವಾರಕ್ಕೆ ಒಂದನ್ನೇ ಮುಖ್ಯವಾಗಿ ಹಿಡಿದನು. ಹದಿಮೂರು ವಾರಕ್ಕೆ ಒಂದು ಸುತ್ತು, ವರುಷಕ್ಕೆ ನಾಲ್ಕು ಸುತ್ತು. ಗಾಂಧೀಜಿಯವರೂ 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮದವರಿಗೆ ವ್ರತಗಳನ್ನು ವಿವರಿಸುವಾಗ, ಎಲ್ಲವನ್ನೂ ಒಮ್ಮೆಲೇ ಹೇರದೆ ವಾರ ವಾರಕ್ಕೆ ಪತ್ರ ಬರೆದರು.

4. ತಿದ್ದುವದು

ಆರಿಸಿದ ಮಾತು ಕೂಡಲೆ ಉಪಯೋಗಕ್ಕೆ ಬಾರದು. ಕಿನ್ನಾಳದ ಚಿತ್ರಗಾರರು ಗೊಂಬೆಯನ್ನು ಮಾಡುವಾಗ ಹಗುರಾದ ಮರವನ್ನು ಕೆತ್ತಿ, ತುಂಡುಗಳನ್ನು ಜೋಡಿಸಿ, ಹುಣಿಸೆಬೀಜದ ಅಂಟಿನಿಂದ ಕಲಸಿದ ಕಿಟ್ಟವನ್ನು ಮೈಗೆಲ್ಲಾ ಸವರಿ, ಒಣಗಿದ ಮೇಲೆಯೇ ಬಣ್ಣ ಹಚ್ಚುತ್ತಾರೆ. ಸಂದು ಮುಚ್ಚದೆ ಹಚ್ಚಿದ ಬಣ್ಣವು ಉದುರಿಹೋಗುವದು. ನಿಶ್ಚಯದ ಮಾತಿನ ಸಂದುಗಳನ್ನು ನೋಡುವದಕ್ಕೆ ನಾಲ್ಕು ಪ್ರಶ್ನೆಗಳವೆ: ಇದು ಸತ್ಯವೋ? ಇದು ನನ್ನ ಕೈಯಲ್ಲಿದೆಯೋ? ಇದಕ್ಕೆ ಹೊತ್ತೂ ಸ್ಥಳವೂ ಉಂಟೋ? ಇದು ನನ್ನ ನಾಲಿಗೆಯ ಮಾತೋ?

ಮೂರನೆಯ ಪ್ರಶ್ನೆಯ ಬಲವನ್ನು ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಎಂಬ ಪಂಡಿತನು ತೋರಿಸಿಕೊಟ್ಟನು. ಕ್ರಿಸ್ಮಸ್ ಹಬ್ಬದ ಹಿಂದಿನ ಸಂಜೆಯನ್ನು ಹೇಗೆ ಕಳೆದೆವೆಂದು ಎರಡು ದಿವಸಗಳೊಳಗೆ ಬರೆದು ಕಳುಹಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಯಾವ ಹೊತ್ತಿನಲ್ಲಿ, ಎಲ್ಲಿ ಕೂತು ಬರೆಯುವೆವೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಬರೆದರು. ಹಾಗೆ ಗೊತ್ತುಮಾಡದವರಲ್ಲಿ ಮೂವರಲ್ಲಿ ಒಬ್ಬರು ಮಾತ್ರ ಬರೆದರು. ಇದು 1997ರಲ್ಲಿ ಪ್ರಕಟವಾಯಿತು. ಎರಡು ಪಂಗಡದವರ ಮನಸ್ಸೂ ಒಳ್ಳೇದೇ. ಭೇದವಿದ್ದದ್ದು ಹೊತ್ತು, ಸ್ಥಳಗಳಲ್ಲಿ.

ಇನ್ನು ಕೆಲವು ಉದಾಹರಣೆಗಳನ್ನು ತಿದ್ದಿ ನೋಡೋಣ.

ಸಂತೆಯ ದಿನ ಕುಡಿದು ಬರುವ ಮನುಷ್ಯನು ಮೊದಲು ಬರೆದದ್ದು: "ನಾನು ಇನ್ನು ಎಂದಿಗೂ ಕುಡಿಯುವದಿಲ್ಲ." ಎಂದಿಗೂ ಎಂಬದು ಅವನ ಕೈಯಲ್ಲಿಲ್ಲ, ಈ ಸಂಜೆಯು ಅವನ ಕೈಯಲ್ಲಿದೆ. ಅಂಗಡಿಯು ಯಾವ ದಾರಿಯಲ್ಲಿದೆ ಎಂಬದೂ ಅವನಿಗೆ ಗೊತ್ತು. ತಿದ್ದಿದ್ದು: "ಸಂತಿ ಮುಗಿದ ಕೂಡಲೆ ಎಣ್ಣಿ, ಬೆಲ್ಲ ತಗೊಂಡು, ದೊಡ್ಡ ಮಗನ ಜೋಡಿ ಕೆರಿ ದಾರಿ ಹಿಡಿದು ಮನಿಗೆ ಬರ್ತೀನಿ." ಇಲ್ಲಿ ಕುಡಿತದ ಹೆಸರೇ ಇಲ್ಲ, ಆದರೆ ಹೊತ್ತು, ದಾರಿ, ಜೊತೆಗಾರ, ಮೂರೂ ಅವೆ. ಬಹುಕಾಲದಿಂದ ದಿನಾಲು ಬಹಳ ಕುಡಿದವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಿ, ಮೂರ್ಛೆ ಬಂದು, ಪ್ರಾಣಕ್ಕೆ ಅಪಾಯವಾಗುವದುಂಟು. ಅಂಥವನು ವೈದ್ಯರನ್ನು ಕಂಡೇ ಬಿಡತಕ್ಕದ್ದು.

ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡಿ, ಸೊಂಟ ನೊಂದು ಮನೆಗೆ ಬರುವ ತಾಯಿಯು ಬರೆಯಿಸಿದ್ದು: "ನಾನು ಶಾಂತಳು." ಆ ಹೊತ್ತಿನಲ್ಲಿ ಅದು ಸತ್ಯವಲ್ಲ. ತಿದ್ದಿದ್ದು: "ಮನಿಗೆ ಬಂದ ಕೂಡಲೆ ಒಂದು ತಂಬಿಗಿ ನೀರು ಕುಡಿದು, ಕಟ್ಟಿ ಮ್ಯಾಲೆ ಕುಂತು, ಆಮ್ಯಾಲೆ ಮಕ್ಕಳ ಜೋಡಿ ಮಾತಾಡ್ತೀನಿ."

ಯಲಬುರ್ಗಿಯ ಹಳ್ಳಿಯೊಂದರಲ್ಲಿ 10ನೆಯ ತರಗತಿಯ ಪರೀಕ್ಷೆಗೆ ಓದುವ ಹುಡುಗಿಯು ಬರೆದದ್ದು: "ನಾನು ಎಲ್ಲರಿಗಿಂತ ಜಾಣೆ." ಇದು ಇತರರ ಗುಣಾಂಕಗಳ ಮೇಲೆ ನಿಂತ ಮಾತು. ತಿದ್ದಿದ್ದು: "ಮುಂಜಾನೆ ನೀರು ತಂದ ಮ್ಯಾಲೆ ಐದು ಲೆಕ್ಕ ಮಾಡ್ತೀನಿ; ತಿಳೀದಿದ್ದನ್ನ ಗುರ್ತು ಹಾಕಿ ಸಾಲ್ಯಾಗ ಕೇಳ್ತೀನಿ."

ಸುಗ್ಗಿ ಮುಗಿದು ಕೆಲಸವಿಲ್ಲದೆ ಗುಳೆ ಹೋಗುವ ಮನೆಯ ತಂದೆಯು ಬರೆದದ್ದು: "ಮಕ್ಕಳನ್ನು ದೊಡ್ಡ ಅಧಿಕಾರಿಗಳನ್ನಾಗಿ ಮಾಡುವೆನು." ಬಯಕೆಯು ಒಳ್ಳೇದು, ಆದರೆ ಊರು ಬಿಡುವ ದಿನವೇ ಮಕ್ಕಳ ಶಾಲೆ ತಪ್ಪುವದು. ತಿದ್ದಿದ್ದು: "ಗುಳೆ ಹೋಗೂಕಿಂತ ಮೊದಲು ಸಾಲಿ ಗುರುಗಳನ್ನ ಕಂಡು, ಮಕ್ಕಳನ್ನ ಅಜ್ಜಿ ಮನ್ಯಾಗ ಬಿಡೂದೋ ಹಾಸ್ಟೆಲಿಗೆ ಹಚ್ಚೂದೋ ಕೇಳಿಕೊಂಡು ಬರ್ತೀನಿ." ಆ ಮನೆಯಲ್ಲಿ ಒಂದು ವರುಷದ ವಿದ್ಯೆಯು ಉಳಿಯುವದೂ ಅಳಿಯುವದೂ ಈ ಒಂದು ಮಾತಿನ ಮೇಲೆ ನಿಂತಿರಬಹುದು.

ತಿದ್ದಿದ ಮಾತುಗಳು ಗ್ರಂಥದ ಭಾಷೆಯಲ್ಲಿಲ್ಲವೆಂದು ವಾಚಕರು ಕಂಡಿರಬಹುದು. ಅದು ಬೇಕೆಂದೇ ಮಾಡಿದ್ದು. ಮನುಷ್ಯನು ಯಾವ ಭಾಷೆಯಲ್ಲಿ ಸಿಟ್ಟಾಗುವನೋ, ಯಾವ ಭಾಷೆಯಲ್ಲಿ ಮಗುವನ್ನು ತೂಗುವನೋ, ಅದೇ ಭಾಷೆಯಲ್ಲಿ ನಿಶ್ಚಯವನ್ನೂ ಹೇಳಿಕೊಳ್ಳಲಿ.

5. ಸಂಜೆಯ ಲೆಕ್ಕ

ಬೆಳಿಗ್ಗೆ ಹೇಳಿದ ಮಾತನ್ನು ಸಂಜೆ ಕೇಳದಿದ್ದರೆ ಅದು ಬರೇ ಶಬ್ದವಾಗುವದು. ಫ್ರಾಂಕ್ಲಿನನು ಬೆಳಿಗ್ಗೆ ಈ ದಿನ ಯಾವ ಒಳ್ಳೇದನ್ನು ಮಾಡಲಿ ಎಂತಲೂ, ಸಂಜೆ ಯಾವ ಒಳ್ಳೇದನ್ನು ಮಾಡಿದೆ ಎಂತಲೂ ತನ್ನನ್ನು ಕೇಳಿಕೊಳ್ಳುತ್ತಿದ್ದನು. ಒಂದು ಸಣ್ಣ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೆರೆಯೆಳೆದು, ತಪ್ಪಿದಲ್ಲಿ ಕರೇ ಚುಕ್ಕೆ ಇಡುತ್ತಿದ್ದನು. ಹಳೇ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೆಲ್ಲಾ ತೂತಾದದ್ದರಿಂದ, ಒರಸಿ ಮತ್ತೆ ಬರೆಯಬಹುದಾದ ದಂತದ ಹಾಳೆಗಳನ್ನು ಉಪಯೋಗಿಸಿದನು. ನಮ್ಮ ಮಕ್ಕಳ ಪಾಟಿಯು ಅದೇ ಕೆಲಸಕ್ಕೆ ಸಾಕು. ಓದುಬರಹ ಬಾರದವರು ಎರಡು ಕುಡಿಕೆಗಳನ್ನಿಟ್ಟು, ನಡೆದ ದಿನ ಒಂದರಲ್ಲಿ, ತಪ್ಪಿದ ದಿನ ಇನ್ನೊಂದರಲ್ಲಿ ಒಂದು ಜೋಳದ ಕಾಳನ್ನು ಹಾಕಲಿ.

ಅವನ ಪಟ್ಟಿಯಲ್ಲಿ ಮೊದಲು ಹನ್ನೆರಡೇ ಗುಣಗಳಿದ್ದವು. ಜನರು ನಿನ್ನನ್ನು ಗರ್ವಿಷ್ಠನೆಂದು ಎಣಿಸುತ್ತಾರೆಂದು ಒಬ್ಬ ಸ್ನೇಹಿತನು ದಯೆಯಿಂದ ತಿಳಿಸಿದ ಮೇಲೆ, ದೀನತ್ವವನ್ನು ಹದಿಮೂರನೆಯದಾಗಿ ಸೇರಿಸಿದನು. ನಮ್ಮ ಬೆನ್ನು ನಮಗೆ ಕಾಣದು. ಆದಕಾರಣ ತಿಂಗಳಿಗೆ ಒಂದಾವೃತ್ತಿ ನಮ್ಮ ಮೂರು ಮಾತುಗಳನ್ನು ಹೆಂಡತಿಗಾಗಲಿ ಗಂಡನಿಗಾಗಲಿ ನಂಬಿಕೆಯುಳ್ಳ ಸ್ನೇಹಿತನಿಗಾಗಲಿ ತಿಳಿಸಿ, "ಇದರಲ್ಲಿ ಏನು ಬಿಟ್ಟದೆ?" ಎಂದು ಕೇಳೋಣ.

ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಬಿಡುವವರು ಬಹಳ. ಲಂಡನ್ನಿನಲ್ಲಿ 96 ಜನರು ಒಂದೊಂದು ಸಣ್ಣ ಕೆಲಸವನ್ನು ದಿನಾಲು ಮಾಡಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಲೆಕ್ಕದ ಮೇರೆಗೆ, ಕೆಲಸವು ರೂಢಿಯಾಗುವದಕ್ಕೆ ನಡುಮಟ್ಟದಲ್ಲಿ 66 ದಿನಗಳು ಬೇಕಾದವು. ಕೆಲವರಿಗೆ 18, ಕೆಲವರಿಗೆ 254 ದಿನಗಳ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚು ಹಾನಿಯಾಗಲಿಲ್ಲ. ಕೂರಿಗೆಯ ಸಾಲು ಒಂದು ಕಡೆ ಸೊಟ್ಟಾದರೆ ರೈತನು ಹೊಲವನ್ನು ಬಿಟ್ಟು ಬರುವನೋ? ಎತ್ತನ್ನು ತಿರುಗಿಸಿ ಮುಂದಿನ ಸಾಲನ್ನು ನೆಟ್ಟಗೆ ಹಿಡಿಯುವನು. ಒಂದೇ ಮಾತು ವಾರದಲ್ಲಿ ನಾಲ್ಕೈದು ದಿನ ತಪ್ಪಿದರೆ, ಮನುಷ್ಯನನ್ನು ಬೈಯುವದಕ್ಕಿಂತ ಮುಂಚೆ ಮಾತನ್ನೇ ಪರೀಕ್ಷಿಸತಕ್ಕದ್ದು: ಅದು ದೊಡ್ಡದಾಯಿತೋ? ಹೊತ್ತು ಸರಿಯಿಲ್ಲವೋ? ಅಡ್ಡಿಯು ಬೇರೆ ಕಡೆಯಿಂದ ಬಂತೋ? ಮಾತನ್ನು ಇನ್ನೂ ಸಣ್ಣದು ಮಾಡಿ ಮತ್ತೆ ಹಿಡಿಯಿರಿ. ಎರಡು ಮೂರು ತಿಂಗಳು ನಡೆದು ರೂಢಿಯಾದ ಮಾತಿಗೆ ವಿಶ್ರಾಂತಿ ಕೊಟ್ಟು, ಕಾಗದದಲ್ಲಿಟ್ಟ ಇನ್ನೊಂದನ್ನು ತೆಗೆಯಿರಿ.

6. ಈ ಮಾತುಗಳ ಎಲ್ಲೆ

ನಿಶ್ಚಯದ ಮಾತು ಮಳೆಯನ್ನು ತರದು. ತಡೆಹಿಡಿದ ಕೂಲಿಯನ್ನು ಕೊಡಿಸದು. ಬಡವನಿಗೆ, "ನಿನ್ನ ಮನಸ್ಸನ್ನು ಸರಿಮಾಡಿಕೋ, ಎಲ್ಲಾ ಸರಿಯಾಗುವದು" ಎಂದು ಹೇಳಿ ಅವನ ನ್ಯಾಯವಾದ ಬೇಡಿಕೆಗೆ ಬಾಯಿ ಕಟ್ಟುವದಕ್ಕೆ ಈ ಪಾಠವನ್ನು ಯಾರೂ ಉಪಯೋಗಿಸಬಾರದು. ಇದು ಪ್ರಾರ್ಥನೆಗೆ ಬದಲೂ ಅಲ್ಲ: ಪ್ರಾರ್ಥನೆಯಲ್ಲಿ ನಾವು ಕೇಳುತ್ತೇವೆ, ನಿಶ್ಚಯದಲ್ಲಿ ನಮ್ಮ ಕೈಗೆ ಬಂದ ಕೆಲಸವನ್ನು ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ಮಾತು ಬಹು ಮುಖ್ಯವಾದದ್ದು. ಸಾಲದಿಂದಾಗಲಿ ದುಃಖದಿಂದಾಗಲಿ ಒಬ್ಬನು ನಿದ್ರೆ, ಊಟ ಬಿಟ್ಟು, ಬದುಕುವದು ಬೇಡವೆಂಬ ಮಾತನ್ನು ತನಗೆ ತಾನು ಹೇಳಿಕೊಳ್ಳುತ್ತಿದ್ದರೆ, ಅವನಿಗೆ ವಾಕ್ಯಗಳನ್ನು ಕಲಿಸುತ್ತಾ ಕೂಡ್ರಬಾರದು. ಅವನ ಹತ್ತಿರ ಕೂತು ಕೇಳಿರಿ, ಒಂಟಿಯಾಗಿ ಬಿಡಬೇಡಿರಿ, ಹೊಲದ ವಿಷದ ಔಷಧಗಳನ್ನು ಕೈಗೆ ಸಿಗದಂತೆ ತೆಗೆದಿಡಿರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ದುಡ್ಡಿಲ್ಲದೆ ದೊರೆಯುವದು. "ಇವತ್ತು ಅವನ ಮನಿಗೆ ಹೋಗಿ ಒಂದು ತಾಸು ಕುಂತು ಬರ್ತೀನಿ" ಎಂಬದು ಆ ದಿನ ನೆರೆಯವನ ನಿಶ್ಚಯದ ಮಾತಾಗಿರಲಿ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಕೊಪ್ಪಳದ ಶಾಸನದಲ್ಲಿ ಅಶೋಕನು ತನ್ನ ವಿಷಯವಾಗಿ ಹೇಳಿಸಿದ ಸಂಗತಿಗಳು ಯಾವವು? ಅವುಗಳಿಂದ ನಾವು ಕಲಿಯುವ ಮೂರು ಗುಣಗಳು ಯಾವವು?

2. ಹೃದಯವು ನಂಬದ ಮಾತನ್ನು ಹೇಳಿಕೊಂಡರೆ ಏನಾಗುವದು?

3. ನಿಶ್ಚಯದ ಮಾತುಗಳ ಮೂರು ರಾಶಿಗಳನ್ನು ಹೇಳಿರಿ. ಒಂದೊಂದರಿಂದ ಎಷ್ಟನ್ನು ಆರಿಸತಕ್ಕದ್ದು? ಯಾಕೆ?

4. "ನಾನು ಯಾರ ಮೇಲೂ ಸಿಟ್ಟು ಮಾಡುವದಿಲ್ಲ" ಎಂಬ ಮಾತನ್ನು ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಿ, ನಿಮ್ಮ ಮನೆಯ ಮಾತಿನಲ್ಲಿ ತಿದ್ದಿರಿ.

5. ನಿಮ್ಮ ನೆರೆಹೊರೆಯಲ್ಲಿ ಈ ವಾರ ಯಾರ ಮನೆಗೆ ಹೋಗಿ ಕೂತು ಕೇಳತಕ್ಕದ್ದದೆ? ಯಾವ ದಿನ, ಯಾವ ಹೊತ್ತಿಗೆ ಹೋಗುವಿರಿ?